ಚಂದ್ರಮ್ಮನ ಸೂತಕ

ಚಂದ್ರಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಗುರುವಾರ ಬೆಳಿಗ್ಗೆ. ಅವಳು ಸತ್ತದ್ದು ಸೋಮವಾರ. ನಡುವಿನ ದಿನಗಳಲ್ಲಿ ನಾನು ಕೊಚ್ಚಿಯ ನಮ್ಮ ಫ್ಲ್ಯಾಟಿನಲ್ಲಿ ಎಂದಿನಂತೆ ದೇವರಿಗೆ ದೀಪ ಹಚ್ಚಿದೆ, ತುಳಸಿಗೆ ನೀರೆರೆದೆ, ಸಂಜೆ ದೇವಸ್ಥಾನಕ್ಕೆ ಹೋಗಿ ತೀರ್ಥ ತೆಗೆದುಕೊಂಡೆ. ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲ ಎಂದು ಹಿರಿಯರು ಹೇಳುತ್ತಾರೆ. ತಿಳಿದೂ ತಿಳಿಯದವರಂತೆ ಇದ್ದವರಿಗೆ ಏನು ದೋಷ ಎಂದು ಅವರು ಹೇಳಿ ಹೋಗಿಲ್ಲ. ಅಂಥವರು ಹುಟ್ಟಿಯಾರು ಎಂದು ಅವರಿಗೆ ತೋರಿರಲಿಕ್ಕಿಲ್ಲ.

ವಿಷ್ಣುಸಹಸ್ರನಾಮ ಅರ್ಧಕ್ಕೆ ಬಂದಿತ್ತು. ಪೂಜೆಯ ಹೊತ್ತಿನಲ್ಲಿ ನಾನು ಫೋನು ಎತ್ತುವುದಿಲ್ಲ. ಅದು ನಿಂತು ನಿಂತು ಮೂರು ಸಲ ಬಡಿದುಕೊಂಡಾಗ ನನ್ನ ಹೆಂಡತಿ ಪ್ರೇಮ ಅಡಿಗೆಮನೆಯಿಂದ ಬಂದು ಎತ್ತಿ, ಏನೂ ಹೇಳದೆ ನನ್ನ ಕಿವಿಗೆ ಹಿಡಿದಳು. ಆ ಕಡೆ ಇಂಚರಾ ಇದ್ದಳು. ಅವಳು ನನ್ನ ಅಕ್ಕನ ಮಗಳ ಮಗಳು. ತಿರುವನಂತಪುರದ ಕಳಕ್ಕೂಟದಲ್ಲಿ ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ, ಅಲ್ಲೇ ಹಾಸ್ಟೆಲಿನಲ್ಲಿ ವಾಸ.

"ಅಜ್ಜ, ನಿಮಗೆ ಯಾರೂ ಹೇಳ್ಲಿಲ್ವಾ?"

"ಎಂತದು ಮಗಾ?"

"ಚಂದ್ರಜ್ಜಿ ಹೋದ್ರು. ಸೋಮವಾರ, ನಿದ್ದೆಯಲ್ಲೇ. ನಿನ್ನೆ ಸಂಜೆ ಸುಮ್ನೆ ನೋಡಿ ಬರುವ ಅಂತ ಹೋದೆ. ಜಗಲಿಯಲ್ಲಿ ಫೋಟೊ ಇಟ್ಟು ದೀಪ ಹಚ್ಚಿದ್ದಾರೆ. ದಹನ ಎಲ್ಲ ಆಗಿಯೇ ಹೋಗಿದೆ."

ನಾನು ಸಹಸ್ರನಾಮದ ಪುಸ್ತಕ ಮಡಚಿದೆ. "ವಿನೋದಾ ನಮಗೆ ಯಾಕೆ ಹೇಳಲಿಲ್ಲ?" ವಿನೋದಾ ಎಂದರೆ ಚಂದ್ರಮ್ಮನ ಒಬ್ಬಳೇ ಮಗಳು.

"ಹೇಳಿದ್ದಾರೆ ಅಜ್ಜ. ಸೋಮವಾರವೇ ಯುವರಾಜ ಮಾವನಿಗೆ ಫೋನು ಮಾಡಿದ್ದಾರೆ. 'ಅಮ್ಮ' ಅಂತ ಬಾಯಿ ತೆರೀವಾಗ್ಲೇ ಮಾವ 'ಕೇಳ್ತಾ ಇಲ್ಲ, ಕೇಳ್ತಾ ಇಲ್ಲ' ಅಂತ ಹೇಳಿ ಇಟ್ರಂತೆ. ಆಮೇಲೆ ಎಷ್ಟು ಮಾಡಿದ್ರೂ ತೆಗೀಲೇ ಇಲ್ಲ."

ನಮ್ಮ ಕ್ರಮ ಗೊತ್ತಿಲ್ಲದವರಿಗೆ ಯುವರಾಜನ ಆ ಮಾತು ಸಾಧಾರಣವಾಗಿ ಕಂಡೀತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಕಾರಣ ಹೇಳುತ್ತೇನೆ.

ನಮ್ಮದು ಅಳಿಯಕಟ್ಟು. ತಾಯಿಯಿಂದ ಕುಟುಂಬ ಎಣಿಸುವವರು ನಾವು. ನನ್ನ ಮಕ್ಕಳು ನನ್ನ ಹೆಂಡತಿಯ ಕುಟುಂಬಕ್ಕೆ ಸೇರಿದವರು. ನನ್ನ ಅಕ್ಕತಂಗಿಯರ ಮಕ್ಕಳು ನನ್ನ ಕುಟುಂಬದವರು. ಕುಂಬಳೆಯ ಹತ್ತಿರ ನಮ್ಮ ತರವಾಡು, ಅಂದರೆ ಕುಟುಂಬದ ಮೂಲಮನೆ, ಇದೆ. ಅಲ್ಲಿ ನಮ್ಮ ಧರ್ಮದೈವದ ಗುಡಿ ಇದೆ. ಕುಟುಂಬದಲ್ಲಿ ಒಬ್ಬರು ಸತ್ತರೆ, ಅವರು ಬೊಂಬಾಯಿಯಲ್ಲಿರಲಿ ದುಬಾಯಿಯಲ್ಲಿರಲಿ, ಎಲ್ಲರಿಗೂ ಹದಿನಾರು ದಿನ ಸೂತಕ. ದೀಪ ಹಚ್ಚುವಂತಿಲ್ಲ, ಗುಡಿಯ ಬಾಗಿಲು ತೆರೆಯುವಂತಿಲ್ಲ, ಶುಭಕಾರ್ಯ ಯಾವುದಿದ್ದರೂ ಮುಂದೆ ಹಾಕಬೇಕು. ಆದರೆ ಸೂತಕ ಹಿಡಿಯುವುದು ಸಾವು ಆದಾಗ ಅಲ್ಲ, ಸುದ್ದಿ ಕಿವಿಗೆ ಬಿದ್ದಾಗ. ಸಾವು ಹೇಳಲು ಊರಿಂದೂರಿಗೆ ಆಳು ನಡೆದುಹೋಗಬೇಕಾಗಿದ್ದ ಕಾಲದಲ್ಲಿ, ತಿಳಿಯದೆ ಉಂಡವನಿಗೆ ಪಾಪ ತಟ್ಟಬಾರದು ಎಂದು ಕನಿಕರದಿಂದ ಮಾಡಿದ ಕ್ರಮ ಅದು.

ಬರುವ ಬುಧವಾರ ತರವಾಡಿನಲ್ಲಿ ದೈವದ ಪುನಃಪ್ರತಿಷ್ಠೆ ಮತ್ತು ನೇಮದ ಉತ್ಸವ ಇತ್ತು. ಅದರ ಯಜಮಾನಿಕೆ ಹೆಸರಿಗೆ ನಮ್ಮ ಅಪ್ಪಣ್ಣನದು. ಅವನು ನನ್ನ ದೊಡ್ಡಮ್ಮನ ಮಗ, ಎಂಬತ್ತೆಂಟು ವರ್ಷ, ಕುಟುಂಬಕ್ಕೆ ಹಿರಿಯ. ಓಡಾಟವೆಲ್ಲ ಯುವರಾಜನದು, ಅವನು ನನ್ನ ಅಕ್ಕನ ಮಗ, ಇಂಚರಾಳ ತಾಯಿಯ ತಮ್ಮ. ಚಂದ್ರಮ್ಮ ಸತ್ತ ಸುದ್ದಿ ಕೇಳಿದರೆ ನೇಮ ನಿಲ್ಲುತ್ತದೆ. ಆದ್ದರಿಂದ ಯುವರಾಜ ಕೇಳಲಿಲ್ಲ.

ಚಂದ್ರಮ್ಮ ಹೇಗೆ ನಮ್ಮವಳು ಎಂಬುದನ್ನೂ ಹೇಳಬೇಕು. ಅವಳನ್ನು ಹುಡುಕಿದವನು ನಾನೇ.

ಎರಡು ವರ್ಷದ ಹಿಂದೆ ಗುಡಿ ಜೀರ್ಣವಾಗಿದೆ, ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬರುತ್ತಿದೆ ಎಂದು ಜೋಯಿಸರನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡಿಸಿದರು. ಕುಟುಂಬದವರು ಅರುವತ್ತು ಜನ ಕೂಡಿದ್ದೆವು. ಜೋಯಿಸರು ಕವಡೆ ಮಗುಚಿ ಹೇಳಿದರು: "ನಿಮ್ಮಲ್ಲಿ ಒಬ್ಬ ತಾಯಿ ಕಣ್ಣೀರು ಹಾಕಿ ಹೊರಗೆ ಹೋಗಿದ್ದಾಳೆ. ಅವಳ ಸಂತತಿ ದಕ್ಷಿಣದಲ್ಲಿ ಉಂಟು. ಅವರನ್ನು ಹುಡುಕಿ ಸೇರಿಸದೆ ಪ್ರತಿಷ್ಠೆ ಮಾಡಿದರೆ ಫಲವಿಲ್ಲ." ಕಿರಿಯರು ಮುಖ ಮುಖ ನೋಡಿಕೊಂಡರು. ಹಿರಿಯರು ನೆಲ ನೋಡಿದೆವು. ನಮಗೆ ಗೊತ್ತಿತ್ತು.

ಅವಳ ಹೆಸರು ಅನಸೂಯಾ. ನನ್ನ ಅಜ್ಜಿಯ ತಂಗಿಯ ಮಗಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ರೈಲು ಹಳಿಯ ಕೆಲಸಕ್ಕೆ ಬಂದಿದ್ದ ಬೇರೆ ಜಾತಿಯ ಮಲಯಾಳಿಯೊಬ್ಬನ ಜೊತೆ ಮನೆ ಬಿಟ್ಟು ಹೋದಳು. ಅಂದಿನ ಯಜಮಾನರು, ಅಂದರೆ ಅವಳ ಸ್ವಂತ ಸೋದರಮಾವ, ಕುಟುಂಬದ ಪುಸ್ತಕದಿಂದ ಅವಳ ಹೆಸರನ್ನು ಚಾಕುವಿನಿಂದ ಕೆರೆದು ತೆಗೆದರು. ನಾನು ಏಳೆಂಟು ವರ್ಷದವನಿದ್ದಾಗ ಆ ಹೆಸರು ಎಲ್ಲಿಂದಲೋ ಕೇಳಿ ಬಾಯಿಬಿಟ್ಟು ಹೇಳಿದ್ದಕ್ಕೆ ಅಜ್ಜಿ ನನ್ನ ಬಾಯಿಗೆ ಹೊಡೆದಿದ್ದಳು. ತಂದೆಯಿಂದ ಕುಲ ಎಣಿಸುವವರು ಮಗಳನ್ನು ಮರೆತರೆ ಒಂದು ಕೊಂಬೆ ಹೋಯಿತು. ತಾಯಿಯಿಂದ ಎಣಿಸುವವರು ಮಗಳ ಹೆಸರು ಕೆರೆದರೆ ಬುಡಕ್ಕೇ ಕೊಡಲಿ. ಇಷ್ಟು ಸಣ್ಣ ವಿಚಾರ ಅಂದಿನ ದೊಡ್ಡವರಿಗೆ ಹೊಳೆಯಲಿಲ್ಲ.

ನಾನು ಕೊಚ್ಚಿಯ ಬಂದರಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನು, ಮಲಯಾಳ ಬರುತ್ತದೆ, ಆದ್ದರಿಂದ ಹುಡುಕುವ ಕೆಲಸ ನನಗೆ ಬಂತು. ಊರಿನ ಕನ್ನಡ ಶಾಲೆಯ ಹಳೆಯ ಕಡತದಲ್ಲಿ ಒಂದು ಅರ್ಜಿ ಸಿಕ್ಕಿತು. ಐದನೆಯ ತರಗತಿ ಪಾಸಾದ ಸರ್ಟಿಫಿಕೇಟು ಬೇಕೆಂದು ಅನಸೂಯಾ ತಿರುವನಂತಪುರದಿಂದ ಬರೆದದ್ದು. ಅಕ್ಷರ ಮುತ್ತಿನಂತಿತ್ತು. ವಿಳಾಸ ತಂಪಾನೂರಿನದು. ರೈಲ್ವೆ ಸ್ಟೇಷನ್ನಿನ ಪಕ್ಕದ ಓಣಿಗಳಲ್ಲಿ ನಾನೂ ಇಂಚರಾಳೂ ಮೂರು ಭಾನುವಾರ ತಿರುಗಿದೆವು. ಕೊನೆಗೆ ಲಾಡ್ಜುಗಳ ಹಿಂದಿನ ಒಂದು ಚಹಾದಂಗಡಿಯವನು, "ಕನ್ನಡತ್ತಿ ಅಮ್ಮೂಮ್ಮನಾ, ಕನ್ನಡದ ಅಜ್ಜಿ? ಅವರು ಸತ್ತು ಇಪ್ಪತ್ತು ವರ್ಷ ಆಯಿತು. ಮಗಳು ಅಲ್ಲಿದ್ದಾಳೆ" ಎಂದು ಹಸುರು ಬಾಗಿಲು ತೋರಿಸಿದ. ವರ್ಷಕ್ಕೊಮ್ಮೆ ಪದ್ಮನಾಭಸ್ವಾಮಿಯ ದರ್ಶನಕ್ಕೆ ಹೋಗುವಾಗ ನಾನು ಇಳಿದುಕೊಳ್ಳುತ್ತಿದ್ದ ಲಾಡ್ಜಿನಿಂದ ಅದು ನೂರು ಹೆಜ್ಜೆ. ಮೂವತ್ತು ವರ್ಷ ನಾನು ಆ ನೂರು ಹೆಜ್ಜೆ ನಡೆದಿರಲಿಲ್ಲ. ಕೋಪ ಬರೆಯಲು ಕುಳಿತಿದ್ದೇನೆ, ನನ್ನನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ.

ಬಾಗಿಲು ತೆರೆದವಳು ಬಿಳಿ ತಲೆಯ ದಪ್ಪ ಹೆಂಗಸು. ಮೂಗು ನಮ್ಮ ಅಜ್ಜಿಯದೇ. ನಾನು ಯಾರೆಂದು ಹೇಳಿ, "ನಿಮ್ಮ ಅಮ್ಮ ನನಗೆ ಚಿಕ್ಕಮ್ಮ ಆಗಬೇಕು" ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ತಾಯಿಯಿಂದ ಕಲಿತ ಕನ್ನಡ, ಮಲಯಾಳದ ಎಳೆತ.

"ಹಾಗಾದ್ರೆ ನೀವು ನನಗೆ ಅಣ್ಣ."

"ಹೌದು."

"ಎಪ್ಪತ್ತು ವರ್ಷ ತಡ ಆಯ್ತಲ್ಲ ಚೇಟ್ಟಾ. ಬಸ್ಸು ಸಿಗ್ಲಿಲ್ವಾ?"

ಇಂಚರಾ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಜೋಯಿಸರ ಪ್ರಶ್ನೆಯಲ್ಲಿ ಕಂಡುಬಂದದ್ದನ್ನು ಹೇಳಿದೆ. ಚಂದ್ರಮ್ಮ ಪೂರ್ತಿ ಕೇಳಿ, ಚಹಾ ಲೋಟ ನನ್ನ ಮುಂದೆ ಇಟ್ಟು ಹೇಳಿದಳು: "ಅಂದ್ರೆ ನಿಮಗೆ ನನ್ನ ನೆನಪಾದದ್ದಲ್ಲ. ನಿಮ್ಮ ಮನೆಯ ಮಾಡು ಸೋರ್ಲಿಕ್ಕೆ ಶುರುವಾಯ್ತು, ಏಣಿ ಹುಡುಕ್ಲಿಕ್ಕೆ ಬಂದ್ರಿ."

"ನಿನಗೆ ಬೇಡವಾದರೆ ಬೇಡ ತಂಗಿ. ನಾನು ಒತ್ತಾಯ ಮಾಡುವವನಲ್ಲ."

"ಯಾರು ಬೇಡ ಹೇಳಿದ್ದು? ಬರ್ತೇನೆ. ಅಮ್ಮನಿಗೋಸ್ಕರ. ಸಾಯುವ ಮೊದಲು ಹದಿನೈದು ದಿನ ಅವಳು ಆ ಮನೆಯ ಬಾವಿ, ಆ ಮನೆಯ ಹಲಸು ಅಂತ ಅದನ್ನೇ ಹೇಳ್ತಾ ಇದ್ದಳು. ಆದ್ರೆ ಅಲ್ಲಿ ಕುರ್ಚಿ ಉಂಟಾ? ನೆಲದಲ್ಲಿ ಕೂತ್ರೆ ನನ್ನನ್ನು ಎಬ್ಬಿಸ್ಲಿಕ್ಕೆ ನಾಲ್ಕು ಜನ ಬೇಕು."

ಆಮೇಲೆ ಆರು ತಿಂಗಳು ಅವಳು ಪ್ರತಿ ಶನಿವಾರ ನನಗೆ ಫೋನು ಮಾಡುತ್ತಿದ್ದಳು. ನನ್ನ ಒಡಹುಟ್ಟಿದ ಅಕ್ಕ ಹೋಗಿ ಒಂಬತ್ತು ವರ್ಷವಾಗಿತ್ತು. ಈ ವಯಸ್ಸಿನಲ್ಲಿ ಒಬ್ಬ ತಂಗಿ ಸಿಕ್ಕುವುದು ಎಂದರೆ ಏನೆಂದು ನನಗೆ ಬರೆಯಲು ಬರುವುದಿಲ್ಲ. ಸಕ್ಕರೆ ಖಾಯಿಲೆಯವನು ಪಾಯಸ ಉಂಡೆನೆಂದು ಬೈದಳು. ತರವಾಡಿನ ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡಳು. ಯಾರಿಗೆ ಏನು ಕರೆಯಬೇಕು, ದೈವದ ಎದುರು ಕೈ ಹೇಗೆ ಮುಗಿಯಬೇಕು, ಗಂಧ ಯಾವ ಕೈಯಲ್ಲಿ ತೆಗೆದುಕೊಳ್ಳಬೇಕು ಎಂದೆಲ್ಲ ಶಾಲೆಯ ಹುಡುಗಿಯ ಹಾಗೆ ಕೇಳಿದಳು.

ಕಾರ್ತಿಕ ಮಾಸದಲ್ಲಿ ಯುವರಾಜ ಐದಾರು ಜನರನ್ನು ಕಾರಿನಲ್ಲಿ ತುಂಬಿಕೊಂಡು ತಿರುವನಂತಪುರಕ್ಕೆ ಹೋಗಿದ್ದ. ಅವಳಿಗೆ ಶಾಲು ಹೊದಿಸಿದ, ಕಾಲಿಗೆ ಬಿದ್ದ, ಬಿದ್ದದ್ದನ್ನು ಫೋಟೊ ತೆಗೆಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ: 'ನಮ್ಮ ಮೂಲದ ತಾಯಿ ಸಿಕ್ಕಿದಳು.' ಹೊರಡುವಾಗ ವಿನೋದಾಳಿಗೆ ತನ್ನ ನಂಬರು ಕೊಟ್ಟು ಹೇಳಿದನಂತೆ: "ಏನೇ ಆದ್ರೂ ಮೊದಲು ನನಗೆ ಫೋನು ಮಾಡ್ಬೇಕು. ನೀವು ಇನ್ನು ಒಬ್ಬಂಟಿ ಅಲ್ಲ."

ಅವಳು ಹಾಗೆಯೇ ಮಾಡಿದಳು. ಮೊದಲು ಅವನಿಗೇ ಮಾಡಿದಳು.

ಗುರುವಾರ ಬೆಳಿಗ್ಗೆ ನಾನು ಅವನಿಗೆ ನಾಲ್ಕು ಸಲ ಫೋನು ಮಾಡಿದೆ. ಎತ್ತಲಿಲ್ಲ. ಐದನೆಯ ಸಲ ಪ್ರೇಮಳ ಫೋನಿನಿಂದ ಮಾಡಿದೆ. ಕೂಡಲೇ ಎತ್ತಿದ.

"ಹಾಂ ಅತ್ತೆ, ಹೇಳಿ. ಮಂಗಳವಾರವೇ ಬರ್ತೀರಲ್ಲ?"

"ಅತ್ತೆ ಅಲ್ಲ, ನಾನು. ಚಂದ್ರಮ್ಮ..."

"ಮಾವ, ಹೇಳ್ಬೇಡಿ. ದಮ್ಮಯ್ಯ, ಹೇಳ್ಬೇಡಿ."

"ನಿನಗೆ ಗೊತ್ತುಂಟು."

"ನನಗೆ ಏನೂ ಗೊತ್ತಿಲ್ಲ. ಯಾರೂ ನನಗೆ ಎಂತದನ್ನೂ ಹೇಳಿ ಮುಗಿಸ್ಲಿಲ್ಲ. ನೀವೂ ಹೇಳ್ಬೇಡಿ." ಅವನ ಹಿಂದೆ ಚಪ್ಪರ ಕಟ್ಟುವ ಸದ್ದು, ಯಾರೋ ಕಂಬ ಎತ್ತಲು ಕೂಗುತ್ತಿದ್ದರು. ಅವನು ದನಿ ತಗ್ಗಿಸಿದ. "ಮಾವ, ಸ್ವಲ್ಪ ಆಲೋಚನೆ ಮಾಡಿ. ಆಮಂತ್ರಣದ ಕಾಗದ ಹಂಚಿ ಆಗಿದೆ. ಪ್ರತಿಷ್ಠೆ ಮಾಡುವ ತಂತ್ರಿಗಳು ಈ ದಿನ ಬಿಟ್ರೆ ಇನ್ನು ಬರುವ ವರ್ಷವೇ ಸಿಗುವುದು. ಗಲ್ಫಿನಿಂದ ಇಪ್ಪತ್ತು ಜನ ರಜೆ ಹಾಕಿ ಬಂದಿದ್ದಾರೆ. ಒಂದು ಮಾತಿಗೆ ಇದೆಲ್ಲ ಕೆಡಿಸ್ಲಿಕ್ಕೆ ಆಗ್ತದಾ?"

"ಒಂದು ಮಾತಲ್ಲ. ಒಂದು ಜೀವ."

"ಅದು ಸರಿ. ಆದ್ರೆ ಕ್ರಮ ಪ್ರಕಾರ ನೋಡಿದ್ರೆ, ಅವರು ಇನ್ನೂ ದೈವದ ಎದುರು ನಿಲ್ಲಲಿಲ್ಲ. ಗಂಧ ತೆಗೊಳ್ಳಲಿಲ್ಲ. ಗಂಧ ತೆಗೊಂಡ ಮೇಲಲ್ವಾ ಕುಟುಂಬಕ್ಕೆ ಸೇರಿದ ಹಾಗೆ?"

"ನೀನು ಗಂಧ ತೆಗೊಂಡು ಕುಟುಂಬಕ್ಕೆ ಸೇರಿದವನಾ, ನಿನ್ನ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿ ಸೇರಿದವನಾ?"

ಅವನು ಯಾರಿಗೋ ಕಂಬ ನೇರ ಹಿಡಿಯಲು ಹೇಳಿದ. ಆಮೇಲೆ, "ನೀವು ಕೊಚ್ಚಿಯಲ್ಲೇ ಇರಿ ಮಾವ. ಬರ್ಬೇಡಿ. ನಿಮಗೆ ಹುಷಾರಿಲ್ಲ ಅಂತ ನಾನು ಎಲ್ಲರಿಗೂ ಹೇಳ್ತೇನೆ" ಎಂದ.

"ನಾನು ಸತ್ತರೂ ಹೀಗೆಯೇ ಹೇಳು" ಎಂದು ಇಟ್ಟೆ. ಪ್ರೇಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು.

"ದೇವರಕೋಣೆಯಿಂದ ಹೊರಗೆ ಬನ್ನಿ. ಸೂತಕ ನಿಮಗೆ, ನನಗಲ್ಲ. ದೀಪ ನಾನು ನೋಡ್ಕೊಳ್ತೇನೆ" ಎಂದಳು. ನನ್ನ ಪುಸ್ತಕವನ್ನು ತೆಗೆದಿಟ್ಟು, "ಆ ಯುವರಾಜನಿಗೆ ಎರಡು ಮಾತು ನಾನೂ ಹೇಳ್ತಿದ್ದೆ. ನಿಮ್ಮ ಕುಟುಂಬದ ವಿಚಾರ ಅಂತ ಸುಮ್ಮನಾದೆ" ಎಂದಳು. ನಲವತ್ತೇಳು ವರ್ಷ ನನ್ನ ಜೊತೆ ಬಾಳಿದವಳಿಗೆ ಚಂದ್ರಮ್ಮನ ಸೂತಕವಿಲ್ಲ, ಕ್ರಮ ಹಾಗಿದೆ. ಆದರೂ ಅವಳು ಅಂದು ಮಧ್ಯಾಹ್ನ ಉಣ್ಣಲಿಲ್ಲ.

ಶುಕ್ರವಾರ ಮುಂಜಾನೆಯ ರೈಲಿಗೆ ಹೊರಟು ಹತ್ತು ಗಂಟೆಗೆ ತಂಪಾನೂರಿನಲ್ಲಿ ಇಳಿದೆ. ವಿನೋದಾ ಜಗಲಿಯಲ್ಲಿ ಕುಳಿತಿದ್ದಳು. ಅವಳಿಗೆ ನಲವತ್ತೈದು ವರ್ಷ. ಲಾಡ್ಜೊಂದರ ಕೌಂಟರಿನಲ್ಲಿ ಕೆಲಸ. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತನಾಡುವುದು ಮಲಯಾಳ. ನನ್ನನ್ನು ಕಂಡು ಎದ್ದಳು. ಅಮ್ಮನ ಅಣ್ಣನಿಗೆ ಅಲ್ಲಿ ಕರೆಯುವ ಹಾಗೆ "ಅಮ್ಮಾವಾ" ಎಂದು ಕರೆದಳು. ಮೊದಲು ಕೇಳಿದ ಮಾತು ಇದು: "ಅವರಿಗೆಲ್ಲ ನಮ್ಮ ಮೇಲೆ ಕೋಪವಾ ಅಮ್ಮಾವಾ? ನಾವು ಏನಾದರೂ ತಪ್ಪು ಮಾಡಿದೆವಾ?"

ನಾನು ಏನು ಹೇಳಲಿ? ನಿನ್ನ ಅಮ್ಮ ಸತ್ತ ದಿನ ಸರಿಯಿಲ್ಲ, ಹತ್ತು ದಿನ ತಡೆದು ಸತ್ತಿದ್ದರೆ ಎಲ್ಲರೂ ಬರುತ್ತಿದ್ದರು ಎಂದು ಹೇಳಲೇ? ಹೇಳಿದೆ. ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡುವುದು ಇನ್ನೊಂದು ಮೋಸ ಎಂದು ತೋರಿತು. ಸೂತಕದ ಕ್ರಮ, ಬುಧವಾರದ ನೇಮ, ಯುವರಾಜನ ಗಂಧದ ಲೆಕ್ಕ, ಎಲ್ಲವನ್ನೂ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸುತ್ತ ಕೇಳಿದಳು. ಅಳಲಿಲ್ಲ. ಒಳಗೆ ಹೋಗಿ ಒಂದು ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. ಚಂದ್ರಮ್ಮ ಶನಿವಾರಗಳಲ್ಲಿ ನನ್ನಿಂದ ಕೇಳಿ ಬರೆದುಕೊಂಡ ಹೆಸರುಗಳು ಅದರಲ್ಲಿದ್ದವು. ಅಪ್ಪಣ್ಣ, ಕುಟುಂಬದ ಹಿರಿಯ, ದೊಡ್ಡಣ್ಣ ಎನ್ನಬೇಕು. ಯುವರಾಜ, ಮಗನ ಸಮ. ಅರುವತ್ತು ಜನರ ಹೆಸರು, ತಾಯಿಯ ಹಾಗೆಯೇ ದುಂಡು ಅಕ್ಷರ.

ಆ ಪುಸ್ತಕ ಓದಿ ಮುಗಿಸಿ ನಾನು ಅಪ್ಪಣ್ಣನ ಮನೆಯ ಹಳೆಯ ಫೋನಿಗೆ ಕರೆ ಮಾಡಿದೆ. ಆ ಫೋನು ಅವನ ಮಂಚದ ಪಕ್ಕದಲ್ಲಿರುತ್ತದೆ, ಎತ್ತುವವನು ಅವನೇ. ಕುಟುಂಬದ ಹಿರಿಯನ ಕಿವಿಗೆ ಬಿದ್ದರೆ ಕುಟುಂಬದ ಕಿವಿಗೆ ಬಿದ್ದಂತೆ. ಇನ್ನು ಯಾರ ತಂತ್ರವೂ ನಡೆಯುವುದಿಲ್ಲ ಎಂದುಕೊಂಡೆ. ಅವನು ನನಗೆ ಅಕ್ಷರ ತಿದ್ದಿಸಿದವನು. ಭಾಗವತ ಓದುವಾಗ ಕಣ್ಣೀರು ಹಾಕುವವನು.

"ಅಣ್ಣ, ವಿಠಲ ಮಾತನಾಡುವುದು. ನಮ್ಮ ತಂಗಿ ಚಂದ್ರಮ್ಮ ಸೋಮವಾರ ತೀರಿಕೊಂಡಳು."

ಆ ಕಡೆ ಉಸಿರಾಡುವ ಸದ್ದು ಮಾತ್ರ.

"ಅಣ್ಣ, ಕೇಳಿತಾ? ಅನಸೂಯಾ ಚಿಕ್ಕಮ್ಮನ ಮಗಳು ಚಂದ್ರಮ್ಮ ತೀರಿಕೊಂಡಳು."

"ವಿಠಲ, ನನಗೆ ಕಿವಿ ಸರಿಯಿಲ್ಲ" ಎಂದ.

"ಚಂದ್ರಮ್ಮ ಸತ್ತಳು ಅಣ್ಣ." ನಾನು ಕೂಗಿಯೇ ಹೇಳಿದೆ. ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಗಳ ಎದುರಿನಲ್ಲೇ ತಾಯಿಯ ಸಾವನ್ನು ಮೂರು ಸಲ ಕೂಗಿ ಹೇಳುವಂತಾಯಿತು.

ಅಪ್ಪಣ್ಣ ನಿಧಾನವಾಗಿ ಹೇಳಿದ: "ಈಗ ನನಗೆ ಏನೂ ಕೇಳುದಿಲ್ಲ ವಿಠಲ. ನೇಮ ಮುಗೀಲಿ. ಮುಗಿದ ಮೇಲೆ ನೀನು ಇನ್ನೊಮ್ಮೆ ಫೋನು ಮಾಡು. ಆಗ ಕೇಳ್ತದೆ."

ಫೋನು ಇಟ್ಟ. ಯುವರಾಜನ ಮೇಲೆ ಬಂದದ್ದು ಬರೇ ಸಿಟ್ಟು. ಇದಕ್ಕೆ ಏನು ಹೆಸರಿಡಬೇಕೆಂದು ನನಗೆ ಗೊತ್ತಾಗಲಿಲ್ಲ. ಅಂದಿನ ಯಜಮಾನರು ಹೆಸರು ಕೆರೆದದ್ದು ಚಾಕುವಿನಿಂದ, ಎಲ್ಲರ ಎದುರು. ಅವರಿಗೆ ಕ್ರೂರತನವಿತ್ತು, ಕಳ್ಳತನವಿರಲಿಲ್ಲ.

ಅದೇ ಸಂಜೆ ಇಂಚರಾ ಕೆಲಸ ಮುಗಿಸಿ ಬಂದಳು. ಬಂದ ಸ್ವಲ್ಪ ಹೊತ್ತಿಗೆ ಅವಳ ತಾಯಿ ಜಯಲಕ್ಷ್ಮಿಯ ಫೋನು ಬಂತು. ನೇಮದ ದಿನ ದೈವದ ಮುಂದೆ ದೀಪ ಹಿಡಿಯುವುದು ಕುಟುಂಬದ ಮದುವೆಯಾಗದ ಹಿರಿಯ ಹುಡುಗಿ. ಈ ಸಲ ಅದು ಇಂಚರಾಳ ಸರದಿ.

"ಟಿಕೆಟ್ ಆಯ್ತಾ? ಸೋಮವಾರ ಹೊರಡು" ಎಂದು ಜಯಲಕ್ಷ್ಮಿ ಹೇಳುವುದು ನಮಗೆಲ್ಲ ಕೇಳುತ್ತಿತ್ತು.

"ನಾನು ಬರುದಿಲ್ಲ ಅಮ್ಮ. ನನಗೆ ಸೂತಕ."

"ನಿನಗೆ ಎಂತದೂ ಇಲ್ಲ. ನೀನು ಏನೂ ಕೇಳಿಲ್ಲ. ತಿಳೀತಾ?"

"ಕೇಳಿಲ್ಲ, ಸರಿ. ನೋಡಿದ್ದೇನೆ. ಅವರ ಫೋಟೊಕ್ಕೆ ಹೂ ಇಟ್ಟು ಬಂದಿದ್ದೇನೆ. ನೋಡಿದ್ದಕ್ಕೆ ಯುವರಾಜ ಮಾವನ ಹತ್ರ ಎಂತ ಕ್ರಮ ಉಂಟು, ಕೇಳಿ ಹೇಳು."

"ದೊಡ್ಡವರ ಹತ್ರ ಹೀಗಾ ಮಾತಾಡುದು? ಅಜ್ಜ ಕಲಿಸಿದ್ದಾ ಇದು?"

"ಅಜ್ಜ ಪಕ್ಕದಲ್ಲೇ ಇದ್ದಾರೆ. ಕೊಡ್ಲಾ?"

ಜಯಲಕ್ಷ್ಮಿ ಬೇಡವೆಂದಳು. ನನ್ನ ಅಕ್ಕನ ಮಗಳು, ನಾನು ಎತ್ತಿ ಆಡಿಸಿದವಳು, ನಾನು ಸಾವಿನ ಮಾತು ಆಡಿಯೇನೆಂದು ಹೆದರಿ ನನ್ನ ದನಿ ಕೇಳಲು ಒಪ್ಪಲಿಲ್ಲ.

ನಾನು ಹದಿನಾರನೆಯ ದಿನದ ತನಕ ವಿನೋದಾಳ ಮನೆಯಲ್ಲೇ ಉಳಿದೆ. ಒಂದು ಹೊತ್ತು ಊಟ, ನೆಲದ ಮೇಲೆ ಮಲಗುವುದು. ಇಂಚರಾ ದಿನಾ ಬಂದು ಹೋಗುತ್ತಿದ್ದಳು. ಕುಟುಂಬದ ಅರುವತ್ತು ಜನರಲ್ಲಿ ಸೂತಕ ಹಿಡಿದವರು ಇಬ್ಬರು, ಒಬ್ಬ ಮುದುಕ, ಒಬ್ಬಳು ಹುಡುಗಿ.

ಬುಧವಾರ ನೇಮ ನಡೆಯಿತು. ಗುಂಪಿಗೆ ಒಂದರ ಹಿಂದೆ ಒಂದು ವೀಡಿಯೊ ಬಂತು. ನೋಡಬಾರದೆಂದಿದ್ದೆ, ನೋಡಿದೆ. ಹೊಸ ಗುಡಿ, ಹೂವಿನ ಅಲಂಕಾರ, ರೇಷ್ಮೆ ಉಟ್ಟ ಹೆಂಗಸರು. ದೈವದ ಎದುರು ಪ್ರಾರ್ಥನೆ ಹೇಳುವಾಗ ಕುಟುಂಬದ ಒಂದೊಂದು ತಾಯಿಯ ಹೆಸರು ಹೇಳಿ ಅವಳ ಸಂತತಿಯನ್ನು ದೈವಕ್ಕೆ ಒಪ್ಪಿಸುವ ಪದ್ಧತಿ. ಯುವರಾಜ ಪಟ್ಟಿ ಹಿಡಿದು ಓದುತ್ತಿದ್ದ. ನನ್ನ ತಾಯಿಯ ಹೆಸರು ಬಂತು, ಅಪ್ಪಣ್ಣನ ತಾಯಿಯ ಹೆಸರು ಬಂತು. ಕೊನೆಗೆ ದನಿ ಏರಿಸಿ ಓದಿದ: "ಎಪ್ಪತ್ತು ವರ್ಷದ ಹಿಂದೆ ಹೊರಗೆ ಹೋದ ತಾಯಿ ಅನಸೂಯಾ. ಪ್ರಶ್ನೆಯಲ್ಲಿ ಕಂಡ ಹಾಗೆ ಅವಳ ಸಂತತಿಯನ್ನು ಹುಡುಕಿ ಸೇರಿಸಿದ್ದೇವೆ. ದೂರದ ಊರು, ಬರಲು ಅನುಕೂಲವಾಗಲಿಲ್ಲ. ಅವರ ಪರವಾಗಿ ನಾವೇ ಗಂಧ ತೆಗೆದುಕೊಳ್ಳುತ್ತೇವೆ."

ಅಪ್ಪಣ್ಣ ಕೈ ಚಾಚಿ ಆ ಗಂಧ ತೆಗೆದುಕೊಂಡ.

ಬರಲು ಅನುಕೂಲವಾಗಲಿಲ್ಲ. ಸುಟ್ಟು ಬೂದಿಯಾದವಳಿಗೆ ಬರಲು ಅನುಕೂಲವಾಗಲಿಲ್ಲ. ಕುಟುಂಬದ ಕಷ್ಟ ಕಳೆಯಲು ಅವಳು ಬೇಕು, ಕುಟುಂಬದ ದುಃಖಕ್ಕೆ ಬೇಡ. ನಾನು ದೈವವನ್ನು ನಂಬುವವನು, ಹುಟ್ಟಿದಂದಿನಿಂದ ಆ ಗುಡಿಯ ಎದುರು ತಲೆ ಬಾಗಿಸಿದವನು. ಇವರು ಮನುಷ್ಯರಿಗೆ ಸುಳ್ಳು ಹೇಳುವುದನ್ನು ನೋಡಿದ್ದೆ, ದೈವದ ಮುಖಕ್ಕೇ ಹೇಳುವುದನ್ನು ಅಂದೇ ನೋಡಿದ್ದು. ವಿನೋದಾ ನನ್ನ ಹೆಗಲ ಹಿಂದಿನಿಂದ ನೋಡುತ್ತಿದ್ದಳು. ನಾನು ಫೋನು ಮಗುಚಿ ಹಾಕುವ ಮೊದಲೇ ಅವಳಿಗೆ ಎಲ್ಲ ಅರ್ಥವಾಗಿತ್ತು.

ಗುರುವಾರ ಬೆಳಿಗ್ಗೆ ಅಪ್ಪಣ್ಣನೇ ಫೋನು ಮಾಡಿದ.

"ವಿಠಲ, ಎಲ್ಲ ಚೆಂದಕ್ಕೆ ಮುಗೀತು. ಈಗ ಹೇಳು. ಅಂದು ಏನೋ ಹೇಳ್ಲಿಕ್ಕೆ ಹೊರಟಿದ್ದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಹೇಳು ಮಾರಾಯ. ನೀನು ಹೇಳಿದ್ರೆ ಇವತ್ತಿಂದ ಎಲ್ಲರೂ ಸೂತಕ ಹಿಡೀತೇವೆ. ಮಂಗಳವಾರದ ಕ್ರಿಯೆಗೆ ನಾಲ್ಕು ಜನರನ್ನು ಕಳಿಸ್ತೇನೆ, ಯುವರಾಜನೂ ಬರ್ತಾನೆ. ಆ ಜೀವಕ್ಕೆ ಕುಟುಂಬದವರ ಕೈಯ ನೀರು ಸಿಗ್ಬೇಡ್ವಾ?"

ಆ ಕೊನೆಯ ಮಾತು ನನ್ನನ್ನು ತಡೆಯಿತು. ಅದು ನಿಜವೇ. ನಾಲ್ಕು ಜನ ಬಂದು ಎಳ್ಳುನೀರು ಬಿಟ್ಟರೆ ಅವಳಿಗೆ ಒಳ್ಳೆಯದೇ. ಆ ಒಂದು ಆಸೆಯಿಂದಲೇ ನಾನು ಅವಳನ್ನು ಹುಡುಕಿದ್ದು. ನನ್ನ ಸಿಟ್ಟಿಗಾಗಿ ಅವಳ ಪಾಲಿನ ನೀರು ತಪ್ಪಿಸಲು ನಾನು ಯಾರು? ಇತ್ತ, ಹೇಳಿದರೆ ಇವರ ಲೆಕ್ಕದಲ್ಲಿ ಅವಳು ಸತ್ತದ್ದು ಇವತ್ತು. ಸೋಮವಾರದಿಂದ ಬುಧವಾರದ ತನಕ ನಡೆದದ್ದೆಲ್ಲ ಸರಿಯಾಗಿಬಿಡುತ್ತದೆ. ನನ್ನ ಬಾಯಿಂದಲೇ ಅವರಿಗೆ ಶುದ್ಧ. ನಾಲಿಗೆಯ ತುದಿಗೆ ಬಂದದ್ದು ಬೈಗಳವೋ ಸುದ್ದಿಯೋ ನನಗೇ ಗೊತ್ತಾಗಲಿಲ್ಲ. ಸತ್ತದ್ದು ವಿನೋದಾಳ ತಾಯಿ, ಹೇಳುವುದೂ ಬಿಡುವುದೂ ಅವಳದು ಎಂದುಕೊಂಡು ಫೋನನ್ನು ವಿನೋದಾಳ ಕೈಗೆ ಕೊಟ್ಟೆ. "ನಮ್ಮ ಹಿರಿಯರು. ಸುದ್ದಿ ಹೇಳಬೇಕಂತೆ. ನಿನಗೆ ಹೇಗೆ ತೋರುತ್ತದೋ ಹಾಗೆ" ಎಂದೆ.

ಅವಳು ಫೋನನ್ನು ಕಿವಿಗೆ ಹಿಡಿದಳು. ಅಪ್ಪಣ್ಣ "ಹೇಳು ಮಗಾ, ಹೇಳು" ಎನ್ನುವುದು ಹೊರಗೆ ಕೇಳುತ್ತಿತ್ತು.

"ಒರಿಕ್ಕಲ್ ಪರಞ್ಞದಲ್ಲೇ" ಎಂದಳು. ಒಮ್ಮೆ ಹೇಳಿಯಾಗಿದೆಯಲ್ಲ ಎಂದು ಅರ್ಥ. ದನಿಯಲ್ಲಿ ಒರಟುತನವಿರಲಿಲ್ಲ. ಲಾಡ್ಜಿನ ಕೌಂಟರಿನಲ್ಲಿ ಕೋಣೆ ಖಾಲಿಯಿಲ್ಲ ಎನ್ನುವಾಗಿನ ದನಿ. ಫೋನು ನನಗೆ ತಿರುಗಿ ಕೊಟ್ಟು, ಒಲೆಯ ಮೇಲಿಟ್ಟ ಅಕ್ಕಿ ನೋಡಲು ಒಳಗೆ ಹೋದಳು.

ಅಪ್ಪಣ್ಣ ಇನ್ನೂ ಅಲ್ಲಿದ್ದ. "ವಿಠಲ, ಅವಳು ಎಂತ ಹೇಳಿದ್ದು?" ಎಂದ. ಅವನಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತದೆ.

"ನಿನಗೆ ಕೇಳಿದೆ ಅಣ್ಣ" ಎಂದು ನಾನು ಇಟ್ಟೆ. ಆ ಮೇಲೆ ಅವನೊಡನೆ ನಾನು ಮಾತನಾಡಿಲ್ಲ. ಇನ್ನು ಮಾತನಾಡುತ್ತೇನೆಂದೂ ತೋರುವುದಿಲ್ಲ. ಎಂಬತ್ತೆಂಟರ ಮುದುಕನ ಮೇಲೆ ಎಪ್ಪತ್ತನಾಲ್ಕರ ಮುದುಕನಿಗೆ ಇಷ್ಟು ಹಗೆ ಇರಬಾರದು ಎಂದು ಪ್ರೇಮ ಹೇಳುತ್ತಾಳೆ. ಇದೆ. ಏನು ಮಾಡಲಿ?

ಹದಿನಾರನೆಯ ದಿನ ಬೆಳಿಗ್ಗೆ ನಾವು ಮೂವರೂ ತಿರುವಲ್ಲಕ್ಕೆ ಹೋದೆವು. ಪರಶುರಾಮ ದೇವರ ಸನ್ನಿಧಿಯಲ್ಲಿ, ಹೊಳೆಯ ಬದಿಯಲ್ಲಿ, ಸತ್ತವರಿಗೆ ಪಿಂಡಬಲಿ ಇಡುವ ಸ್ಥಳ ಅದು. ಒದ್ದೆ ಬಟ್ಟೆಯಲ್ಲಿ ನೂರಾರು ಜನ ಸಾಲು ಸಾಲಾಗಿ ಕುಳಿತಿದ್ದರು. ಎದುರಿಗೆ ಬಂದ ಪುರೋಹಿತರು ಒಬ್ಬೊಬ್ಬರಲ್ಲೂ ಹೆಸರು, ನಕ್ಷತ್ರ, ಸಂಬಂಧ ಕೇಳುತ್ತ ಹೋದರು. ವಿನೋದಾ, "ಚಂದ್ರಮ್ಮ, ತಿರುವೋಣಂ, ಅಮ್ಮ" ಎಂದಳು. ಇಂಚರಾ, "ಅಜ್ಜಿ" ಎಂದಳು. ನನ್ನ ಸರದಿ ಬಂದಾಗ ನಾನು ಹೊಳೆಯ ಕಡೆ ನೋಡುತ್ತಿದ್ದೆ. ಪುರೋಹಿತರು ಅವಸರದಲ್ಲಿದ್ದರು, "ಆರಾಣ್?", ನಿಮಗೆ ಯಾರು, ಎಂದು ಎರಡನೆಯ ಸಲ ಕೇಳಿದರು.

"ತಂಗಿ" ಎಂದು ಕನ್ನಡದಲ್ಲೇ ಹೇಳಿದೆ. ಅವರಿಗೆ ತಿಳಿಯಿತೋ ಇಲ್ಲವೋ, ದರ್ಭೆ ಕೈಗೆ ಕೊಟ್ಟರು.

ಅನ್ನ, ಎಳ್ಳು, ನೀರು. ಪಿಂಡವನ್ನು ಬಾಳೆಲೆಯಲ್ಲಿಟ್ಟು ಹೊರಗೆ ತಂದು ಕೈ ತಟ್ಟಿದೆವು. ಕಾಗೆಗಳು ಬಂದವು. ಇಂಚರಾ ಅಳುತ್ತಿದ್ದಳು. ವಿನೋದಾ ಹೊಳೆಗೆ ಇಳಿದು ಮೂರು ಮುಳುಗು ಹಾಕಿದಳು. ನಾನೂ ಇಳಿದೆ, ಸೊಂಟದಷ್ಟು ನೀರಿನಲ್ಲಿ ನಿಂತು ಕೈ ಮುಗಿದೆ.

ನಾರಾಯಣ, ನನ್ನ ಮನಸ್ಸು ಶುದ್ಧವಾಗಿಲ್ಲ. ಸಿಟ್ಟು ಇಟ್ಟುಕೊಂಡೇ ನಿನ್ನ ಎದುರು ನಿಂತಿದ್ದೇನೆ, ಅದನ್ನು ತೆಗೆ ಎಂದು ಈ ಹೊತ್ತು ಕೇಳುವುದಿಲ್ಲ. ಅದರ ಬಿಸಿ ಅವಳ ದಾರಿಗೆ ತಾಗದಂತೆ ಮಾತ್ರ ನೋಡಿಕೋ. ನಾವು ಅರುವತ್ತು ಜನ ಕೊಡಬೇಕಾಗಿದ್ದ ನೀರನ್ನು ಮೂವರು ಕೊಟ್ಟಿದ್ದೇವೆ. ಕಡಿಮೆಯಾದದ್ದನ್ನು ನೀನು ತುಂಬಿಸು. ಅವಳ ತಾಯಿ ನಿನ್ನ ಹತ್ತಿರ ಮೊದಲೇ ಬಂದಿರಬೇಕು, ಇಬ್ಬರನ್ನೂ ಒಂದು ಕಡೆ ಸೇರಿಸು. ಯಾರ ಮನೆಯವಳು ಎಂದು ಅಲ್ಲಿ ಯಾರೂ ಅವಳನ್ನು ಕೇಳದಿರಲಿ. ನನ್ನ ತಂಗಿ ಚಂದ್ರಮ್ಮನ ಜೀವ ತಣ್ಣಗಿರಲಿ, ಸ್ವಾಮಿ.